ಬೀಗರ ಭುಜದ ಮೇಲೆ ಅತ್ತೆಯ ತಲೆ

ಫೋಟೋ ಸ್ಟುಡಿಯೋದವನಿಗೆ ನೂರು ಜನರನ್ನು ಸಾಲಾಗಿ ನಿಲ್ಲಿಸುವುದು ಕಷ್ಟವಲ್ಲ, ಸ್ವಂತ ಅತ್ತೆಯ ಕಣ್ಣು ತೆರೆಸುವುದು ಕಷ್ಟ. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ತೆಗೆದ ಮನೆಮಂದಿಯ ಚಿತ್ರದಲ್ಲಿ ಕೈಗೂಸು ಸಹ ನೆಟ್ಟಗೆ ಕ್ಯಾಮೆರಾ ನೋಡಿತ್ತು. ಅತ್ತೆಯೊಬ್ಬರೇ ಕಣ್ಣು ಮುಚ್ಚಿದ್ದರು. ಅವರು ಕಣ್ಣರಳಿಸಿದ್ದ ಇನ್ನೊಂದು ಚಿತ್ರದಲ್ಲಿ ಉಳಿದವರೆಲ್ಲ ಊಟದ ಕಡೆ ತಿರುಗಿಬಿಟ್ಟಿದ್ದರು. ಆ ತಲೆ ತೆಗೆದು ಈ ಮೈಗೆ ಕೂರಿಸಿದರಾಯಿತೆಂದು ಅವನು ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೆಲಸಕ್ಕಿಳಿದ.

ಕಂಪ್ಯೂಟರು ಹಳೆಯದು. ತಲೆಯನ್ನು ಎಳೆದು ತರುವಾಗ ಅರ್ಧದಾರಿಯಲ್ಲಿ ಗರ ಬಡಿದಂತೆ ನಿಂತಿತು. ನಿಂತದ್ದಾದರೂ ಎಲ್ಲಿ? ಅತ್ತೆಯ ಮಗನ ಮಾವ, ಅಂದರೆ ಬೀಗರು, ಅವರ ಭುಜದ ಮೇಲೆ.

“ಅಯ್ಯಯ್ಯೋ! ಅಳಿಯಂದ್ರೇ, ಮೊದ್ಲು ನನ್ನನ್ನ ಅಲ್ಲಿಂದ ಇಳಿಸಿ! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?”

“ಇಳಿಸ್ತೀನಿ ಅತ್ತೆ. ಮೌಸೇ ಅಲ್ಲಾಡ್ತಿಲ್ಲ.”

ಅಮ್ಮನನ್ನು ಕರೆತಂದಿದ್ದ ಭಾಮೈದ ಅಲ್ಲೇ ಇದ್ದ. ಯಾರ ಮನೆಯಲ್ಲಿ ಏನು ಕೆಟ್ಟರೂ ಮೂಗು ತೂರಿಸುವವನು. “ರ‍್ಯಾಮ್ ಸಾಲ್ತಿಲ್ಲ ಭಾವ. ಇನ್ನೊಂದು ಹಾಕಿದ್ರೆ ಕುದುರೆ ಥರ ಓಡತ್ತೆ,” ಎಂದವನೇ, ಬೇಕೋ ಬೇಡವೋ ಎಂದು ಕೇಳದೆ ಓಡಿಹೋಗಿ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ತಂದ.

ಕರೆಂಟಿನ ವೈರು ಕಿತ್ತು ಡಬ್ಬದ ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಧೂಳು ಹಾಸಿಗೆ ಹಾಸಿಕೊಂಡು ಮಲಗಿತ್ತು. ಅದನ್ನು ಊದಿ, ಕೆಮ್ಮಿ, ಪಟ್ಟಿ ಇಟ್ಟರೆ ಕೂರಲೊಲ್ಲದು. ಭಾಮೈದ ಎರಡೂ ಹೆಬ್ಬೆರಳು ಊರಿ ಮೈಭಾರವನ್ನೆಲ್ಲ ಬಿಡಹೊರಟ.

“ಕೈ ತೆಗಿ ಮಹರಾಯ! ಬೋರ್ಡೇ ಮುರಿದುಹೋಗತ್ತೆ.”

ಸ್ಟುಡಿಯೋದವನು ಒಳಗಿದ್ದ ಹಳೆಯ ಪಟ್ಟಿಯನ್ನು ಕಿತ್ತು, ಅದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದ. ಅಂಚಿನಲ್ಲಿದ್ದ ಕಚ್ಚು ಎರಡರಲ್ಲೂ ಒಂದೇ ಜಾಗದಲ್ಲಿರಲಿಲ್ಲ. ಹಳೆಯದರ ಮೇಲೆ ಡಿಡಿಆರ್ ಮೂರು ಎಂದಿತ್ತು, ಹೊಸದರ ಮೇಲೆ ನಾಲ್ಕು.

“ಒಂದು ಹೆಚ್ಚೇ ತಂದಿದೀನಲ್ಲ!” ಭಾಮೈದ ಮುಖ ಊದಿಸಿದ.

“ಇದೇನು ಚಪ್ಪಲಿನೇನಯ್ಯ, ದೊಡ್ಡದಾದ್ರೂ ಎಳ್ಕೊಂಡು ಓಡಾಡೋಕೆ?”

ಭಾಮೈದ ಹೋಗಿ ಬದಲಿಸಿಕೊಂಡು ಬಂದ. ಈ ಸಲ ಪಟ್ಟಿ ಟಕ್ಕೆಂದು ಕೂತಿತು. ಸ್ವಿಚ್ಚು ಒತ್ತಿದರೆ ಪರದೆ ಕಪ್ಪು. ಡಬ್ಬ ಮಾತ್ರ ಕೂಂಯ್ ಕೂಂಯ್ ಎಂದು ಒಂದೇ ಸಮನೆ ಕೂಗತೊಡಗಿತು. ಸ್ಟುಡಿಯೋದವನ ಜೀವ ಬಾಯಿಗೆ ಬಂತು. ಊರಿನ ಅರ್ಧ ಜನರ ಮದುವೆ ಅದರೊಳಗಿತ್ತು.

“ನನ್ನ ತಲೆ ಒಳಗೇ ಉಳ್ಕೊಂಡುಬಿಡ್ತಾ?” ಎಂದರು ಅತ್ತೆ.

ಅವನು ಹೊಸದನ್ನು ತೆಗೆದ. ಹಳೆಯದೊಂದನ್ನೇ ಬಿಟ್ಟರೆ ಕಂಪ್ಯೂಟರು ಎಂದಿನಂತೆ ಎದ್ದಿತು. ಅದನ್ನು ಪಕ್ಕದ ಇನ್ನೊಂದು ಸ್ಲಾಟಿಗೆ ಹಾಕಿದರೂ ಎದ್ದಿತು. ಹೊಸದನ್ನು ಯಾವುದಕ್ಕೆ ಹಾಕಿದರೂ ಅದೇ ಕೂಗು.

“ಕೆಟ್ಟುಹೋಗಿರೋದನ್ನ ಕೊಟ್ಟಿದಾನೆ! ಈಗ್ಲೇ ಹೋಗಿ ವಿಚಾರಿಸ್ಕೋತೀನಿ,” ಎಂದು ಭಾಮೈದ ತೋಳೇರಿಸಿದ.

“ತಡಿಯಪ್ಪ,” ಎಂದು ಸ್ಟುಡಿಯೋದವನು ಪಟ್ಟಿಗಳನ್ನು ತಿರುಗಿಸಿ ನೋಡಿದ. ಹಳೆಯದಕ್ಕೆ ಎರಡೂ ಮಗ್ಗುಲಲ್ಲಿ ಕಪ್ಪು ಚಿಪ್ಪುಗಳು, ಹೊಸದಕ್ಕೆ ಒಂದೇ ಮಗ್ಗುಲಲ್ಲಿ. ಬೋರ್ಡಿನ ಹೆಸರು ಹಾಕಿ ಫೋನಿನಲ್ಲಿ ಹುಡುಕಿದರೆ ಇದೇ ಗೋಳು ಹೇಳಿಕೊಂಡವರು ಬೇಕಾದಷ್ಟು ಜನ ಸಿಕ್ಕರು. ಪಟ್ಟಿ ಕೆಟ್ಟಿರಲಿಲ್ಲ, ಅದರ ಹೊಸ ಬಗೆಯ ಚಿಪ್ಪು ಈ ಹಳೆಯ ಬೋರ್ಡಿಗೆ ಅರ್ಥವಾಗುತ್ತಿರಲಿಲ್ಲ, ಅಷ್ಟೇ. ಎರಡೂ ಕಡೆ ಚಿಪ್ಪಿರುವ ಹಳೇ ಬಗೆಯದೇ ಬೇಕಿತ್ತು.

ಮೂರನೇ ಸಲ ಭಾಮೈದ ಅಂಗಡಿಯಿಂದಲೇ ವಿಡಿಯೋ ಕರೆ ಮಾಡಿದ.

“ಬೆನ್ನು ತೋರ್ಸು,” ಎಂದ ಭಾವ. “ಈಗ ಹೊಟ್ಟೆ. ಹಾಂ, ಎಂಟೆಂಟು ಇದೆ. ತಗೊಂಡು ಬಾ.”

“ನನ್ನ ಮಗ ಅಂಗಿ ಹೊಲಿಸೋವಾಗ್ಲೂ ಇಷ್ಟು ತಿರುಗಿಸಿ ನೋಡಿದವನಲ್ಲ,” ಎಂದು ಅತ್ತೆ ಗೊಣಗಿದರು.

ಪಟ್ಟಿ ಕೂತಿತು. ಡಬ್ಬ ಒಂದೇ ಒಂದು ಸಲ ಕೂಂಯ್ ಎಂದು ಸುಮ್ಮನಾಯಿತು, ಪರದೆ ಬೆಳಗಿತು. ಸ್ಟುಡಿಯೋದವನಿಗೆ ಹೋದ ಜೀವ ಬಂದಂತಾಯಿತು. ಈ ಸಲ ಅತ್ತೆಯ ತಲೆ ದಾರಿಯಲ್ಲಿ ಯಾರನ್ನೂ ಮಾತಾಡಿಸದೆ ಸೀದಾ ಬಂದು ತನ್ನ ಕುತ್ತಿಗೆಯ ಮೇಲೆ ಕೂತಿತು. ಅವರು ಕನ್ನಡಕ ಪರದೆಗೆ ತಾಗುವಷ್ಟು ಬಗ್ಗಿ ನೋಡಿ, “ಈಗ ನಾನು ನನ್ನ ಹಾಗಿದೀನಿ,” ಎಂದರು.

ಭಾಮೈದ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದ. “ಭಾವ, ಈಗ ಹೇಗೂ ಬೇಗ ಆಗತ್ತಲ್ಲ… ನನ್ನ ಹೊಟ್ಟೆನ ಸ್ವಲ್ಪ ಒಳಗೆ ತಳ್ಳೋಕಾಗತ್ತಾ?”

ಬೇರೆ ದಿನವಾಗಿದ್ದರೆ ಸ್ಟುಡಿಯೋದವನು ಏನಾದರೊಂದು ಅನ್ನುತ್ತಿದ್ದ. ಆದರೆ ಬಿಸಿಲಲ್ಲಿ ಮೂರು ಸಲ ಅಂಗಡಿಗೆ ಓಡಿದವನ ಮುಖ ನೋಡಿ ಹೊಟ್ಟೆಯನ್ನು ಒಳಗೆ ತಳ್ಳಿದ. ಕೇಳದಿದ್ದರೂ ನೆತ್ತಿಯ ಮೇಲೆ ಒಂದಿಷ್ಟು ಕೂದಲನ್ನೂ ಹರಡಿದ.