ಮುಯ್ಯಾಳಿಗೆ ಬರೆದ ಕೂಲಿ

ನೀರುಳ್ಳಿಯ ಎಲೆ ಹಳದಿಯಾಗಿ ನೆಲಕ್ಕೆ ಒರಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿಲ್ಲುವ ತ್ರಾಣ ಇರುವುದಿಲ್ಲ. ಕೊಡದಲ್ಲಿ ನೀರು ಹೊತ್ತು ಹೊತ್ತು ಹೆಗಲು ಸೋತಿರುತ್ತದೆ. ಈ ವರ್ಷವಂತೂ ನಾಟಿಯ ಹೊತ್ತಿಗೇ ಸೊಸೆ ತಿಮ್ಮಿಗೆ ಹೊಟ್ಟೆಯ ಆಪರೇಷನ್ ಆಯಿತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಉಳಿದವರು ನಾನು, ಮಗ ಶುಕ್ರ, ಕಾಲೇಜಿನಿಂದ ಬಂದ ಮೇಲೆ ಮೊಮ್ಮಗಳು ಹೇಮಾ. ಇಷ್ಟರ ನಡುವೆ ಹೇಮಾಳಿಗೆ ಕಾಲೇಜಿನಲ್ಲಿ ಇನ್ನೊಂದು ಕೆಲಸ ಹಚ್ಚಿದರು.

ಅವಳು ಕುಮಟೆಯಲ್ಲಿ ಬಿ.ಕಾಂ. ಮೊದಲ ವರ್ಷ. ಲೆಕ್ಕಶಾಸ್ತ್ರ ಹೇಳಿಕೊಡುವವರು ವನಮಾಲಾ ಮೇಡಂ. ಅವರ ಮನೆ ಹೊನ್ನಾವರದಲ್ಲಿ. ಬೆಳಿಗ್ಗೆ ಭಟ್ಕಳದ ಒಂದು ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನ ಇಲ್ಲಿ ಬಂದು ಇಳಿಯುತ್ತಾರಂತೆ. ಕಾಯಂ ಕೆಲಸ ಅಲ್ಲ. ಪ್ರತಿಯೊಬ್ಬರೂ ಒಂದು ಸಣ್ಣ ವ್ಯಾಪಾರ ಹಿಡಿದು ಅದರ ವರ್ಷದ ಲೆಕ್ಕ ಬರೆದು ತನ್ನಿ, ಅದಕ್ಕೂ ಅಂಕ ಇದೆ ಎಂದಿದ್ದರು ಅವರು. ಕೆಲವರು ಕಿರಾಣಿ ಅಂಗಡಿ ಹಿಡಿದರು, ಒಬ್ಬ ತದಡಿಯ ಮೀನಿನ ದೋಣಿ ಹಿಡಿದ. ಹೇಮಾ ನಮ್ಮ ನೀರುಳ್ಳಿ ಹಿಡಿದಳು.

ಸಂಜೆ ಜಗುಲಿಯಲ್ಲಿ ಕಾಲು ಚಾಚಿ ಕೂತರೆ ಸಾಕು, ಪೆನ್ನು ಹಿಡಿದುಕೊಂಡು ಬಂದು ಕೂರುವಳು.

"ಅಜ್ಜಿ, ನಮ್ಮ ವ್ಯಾಪಾರಕ್ಕೆ ಬಂಡವಾಳ ಎಂತದು?"

"ನಿನ್ನ ಅಪ್ಪನ ಸೊಂಟ."

"ತಮಾಷೆ ಸಾಕು. ದುಡ್ಡಲ್ಲಿ ಹೇಳು."

ಬೀಜ, ಗೊಬ್ಬರ, ಎಲೆ ಹೆಣೆದು ಮಾಡಿದ ಗೊಂಚಲು ನೇತುಹಾಕುವ ಬಿದಿರು, ಎಲ್ಲ ಹೇಳಿದೆ. ಅವಳು ಹಾಳೆಯ ನಡುವೆ ಗೆರೆ ಎಳೆದು ಒಂದನ್ನೇ ಎರಡು ಕಡೆ ಬರೆಯುತ್ತಿದ್ದಳು. ಗೊಬ್ಬರ ಬಂತು ಅಂತ ಒಂದು ಕಡೆ, ದುಡ್ಡು ಹೋಯಿತು ಅಂತ ಇನ್ನೊಂದು ಕಡೆ. ನನಗೆ ರಾತ್ರಿ ಶಾಲೆಯಲ್ಲಿ ಕೂಡುವುದು ಕಳೆಯುವುದು ಬಂದಿತ್ತು. ಹೀಗೆ ಒಂದೇ ಸಂಗತಿಯನ್ನು ಎರಡು ಬದಿಯಿಂದ ನೋಡಬೇಕು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ. ನೋಡುತ್ತ ಕೂತರೆ ಚಂದವೇ ಇತ್ತು, ಕಣ್ಣು ಮಾತ್ರ ಎಳೆಯುತ್ತಿತ್ತು.

"ಮನೆಗೆ ಅಂತ ತಿಂದ ನೀರುಳ್ಳಿ ಎಷ್ಟು?" ಎಂದು ಅಪ್ಪನನ್ನು ಕೇಳಿದಳು.

"ಅದನ್ನೂ ಬರೀತಿಯ?"

"ಬರೀಬೇಕು. ವ್ಯಾಪಾರ ಬೇರೆ, ಮಾಲೀಕ ಬೇರೆ. ಮಾಲೀಕ ತಿಂದದ್ದು ವ್ಯಾಪಾರದಿಂದ ತೆಗೆದುಕೊಂಡ ಹಾಗೆ."

"ಹಾಂಗಾರೆ ಇಷ್ಟು ವರ್ಷ ನನ್ನ ಗದ್ದೆಯಲ್ಲಿ ನಾನೇ ಕದ್ದು ತಿಂದೆ."

ಒಳಗೆ ಮಲಗಿದ್ದ ತಿಮ್ಮಿ ನಕ್ಕು, "ನಗಿಸಬೇಡಿ ಮಾರಾಯ್ರೆ, ಹೊಲಿಗೆ ಎಳೀತದೆ" ಅಂದಳು.

ತೊಡಕು ಬಂದದ್ದು ಕೂಲಿಯ ಸಾಲಿಗೆ. ನಾಟಿ ಮಾಡಿದ್ದು ಯಾರು, ನೀರು ಹೊತ್ತದ್ದು ಯಾರು? ಪಕ್ಕದ ಗದ್ದೆಯ ಹಮ್ಮ ಮತ್ತು ಅವನ ಹೆಂಡತಿ ಬಂಗಾರಿ. ತಿಮ್ಮಿ ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಗದ್ದೆ ಒಣಗದಂತೆ ನೋಡಿಕೊಂಡವರು ಅವರೇ. ಹಮ್ಮ ನನಗೆ ಅಣ್ಣನ ಮಗ. ಅವರ ಮನೆಗೂ ನಮ್ಮ ಮನೆಗೂ ಮುಯ್ಯಾಳು. ಇವತ್ತು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ಕೂಲಿ ಇಲ್ಲ, ಯಾರ ಮನೆಯ ಕೆಲಸವೋ ಅವರದ್ದು ಊಟ.

ಹೇಮಾ ಅದನ್ನು 'ಕೊಡಬೇಕಾದ ಕೂಲಿ' ಎಂದು ಬರೆದಳು. ಈಗಿನ ದಿನಗೂಲಿಯ ದರ ಹಾಕಿ ಗುಣಿಸಿದಳು.

"ಅದು ಕೂಲಿ ಅಲ್ಲ ಮಗಾ," ಅಂದೆ.

"ಗೊತ್ತು ಅಜ್ಜಿ. ಆದ್ರೆ ಅವರು ಮಾಡಿದ್ದನ್ನ ಬರೀದಿದ್ರೆ ನಮ್ಮ ಲಾಭ ಜಾಸ್ತಿ ಕಾಣ್ತದೆ. ಅದು ಸುಳ್ಳಲ್ಲವ?"

ಅವಳು ಹೇಳಿದ್ದು ಸರಿಯೇ ಅನ್ನಿಸಿತು. ಬೆಳಿಗ್ಗೆ ಬೇಗ ಏಳಬೇಕಿತ್ತು, ಎದ್ದು ಒಳಗೆ ಹೋದೆ.

ಭಾನುವಾರ ನಾನೂ ಶುಕ್ರನೂ ಹೆದ್ದಾರಿಯ ಬದಿಗೆ ಚಪ್ಪರದ ಬಿದಿರು ನೆಡಲು ಹೋಗಿದ್ದೆವು. ಭಟ್ಕಳದ ಕಡೆಯ ಕಾರುಗಳು ಅಲ್ಲಿ ನಿಂತು ಹೆಣೆದ ಗೊಂಚಲು ಕೊಳ್ಳುತ್ತವೆ. ಮನೆಗೆ ಬಂದರೆ ಹೇಮಾ ಖುಷಿಯಲ್ಲಿದ್ದಳು.

"ಹಮ್ಮ ಮಾವನ ಸಹಿ ತಗೊಂಡು ಬಂದೆ ಅಜ್ಜಿ. ಯಾರಿಗೆ ಬಾಕಿ ಅದೆಯೋ ಅವರ ಕೈಯಿಂದ ಒಪ್ಪಿಗೆ ಬರೆಸಿ ತರಬೇಕು ಅಂದಿದ್ರು ಮೇಡಂ."

"ಎಂತ ಹೇಳಿ ತಗೊಂಡೆ?"

"ಇಷ್ಟು ದಿನದ್ದು ಇಷ್ಟು ಕೊಡೂದದೆ, ಲೆಕ್ಕ ಸರಿ ಅದೆಯ ನೋಡಿ ಅಂದೆ."

"ಅವ ಎಂತ ಅಂದ?"

"ಏನೂ ಅನ್ಲಿಲ್ಲ. ಸಹಿ ಮಾಡಿ ಒಳಗೆ ಹೋದ್ರು."

ಹಮ್ಮ ಮಾತಿನ ಮಲ್ಲ. ಅವನು ಸುಮ್ಮನೆ ಒಳಗೆ ಹೋದ ಎಂದರೆ ನನಗೆ ಯಾಕೋ ಸರಿ ಕಾಣಲಿಲ್ಲ. ಮರುದಿನ ಸಂಜೆ ಬಂಗಾರಿ ಬಂದಳು. ನಮ್ಮ ಮನೆಯಿಂದ ಒಯ್ದ ಹಾರೆ, ಎರಡು ಬುಟ್ಟಿ, ಒಂದು ಕೊಡ ಜಗುಲಿಯ ಅಂಚಿಗೆ ಇಟ್ಟಳು. ಅವು ಯಾವ ಕಾಲಕ್ಕೆ ಅವರ ಮನೆ ಸೇರಿದ್ದವೋ ನಮಗೇ ನೆನಪಿರಲಿಲ್ಲ.

"ಕೂತ್ಕೊ ಬಂಗಾರಿ."

"ಕೆಲಸ ಅದೆ ಅತ್ತೆ." ಹೊರಟೇಹೋದಳು.

ಆಗ ನನಗೆ ಸಂಗತಿ ತಿಳಿಯಿತು. ಹೇಮಾಳನ್ನು ಕೂರಿಸಿಕೊಂಡು ಹೇಳಿದೆ. ನಮ್ಮಲ್ಲಿ ಮುಯ್ಯಾಳಿನ ದಿನಗಳು ಬಾಯಲ್ಲಿ ಇರುತ್ತವೆ, ಒಂದು ಹೆಚ್ಚು ಒಂದು ಕಡಿಮೆ ಇದ್ದೇ ಇರುತ್ತವೆ. ಅದನ್ನು ಯಾರೂ ಸಮ ಮಾಡುವುದಿಲ್ಲ. ಎರಡು ಮನೆ ಇನ್ನು ಕೂಡಿ ಬಾಳುವುದಿಲ್ಲ ಎಂದಾದ ದಿನ ಮಾತ್ರ ಎದುರುಬದುರು ಕೂತು ದಿನ ಎಣಿಸಿ, ಇಷ್ಟಕ್ಕೆ ಇಷ್ಟು ಎಂದು ತೀರಿಸಿ, ಒಯ್ದ ಸಾಮಾನು ಹಿಂದೆ ಕೊಟ್ಟು ಏಳುತ್ತಾರೆ. ಹಮ್ಮನ ತಮ್ಮ ಬೀರಪ್ಪ ಬೇರೆಯಾದಾಗ ಹಾಗೇ ಆಗಿತ್ತು. ಆಮೇಲೆ ಆ ಎರಡು ಮನೆಗೆ ಹೋಗಿಬಂದು ಮಾಡುವುದು ನಿಂತಿತು.

ಹೇಮಾಳ ಮುಖ ಸಣ್ಣದಾಯಿತು. "ನಾನು ಬಾಕಿ ಅದೆ ಅಂತಲ್ಲವ ಬರೆದದ್ದು? ಇಲ್ಲ ಅಂತ ಬರೆದಿದ್ರೆ ಮೋಸ."

"ಬಾಕಿ ಅದೆ ಅನ್ನೂದು ಅವನಿಗೂ ಗೊತ್ತದೆ. ಅದಕ್ಕೆ ಸಹಿ ಕೇಳಿದ್ದೇ ತಪ್ಪಾದ್ದು."

ಬುಧವಾರ ನೀರುಳ್ಳಿ ಕೀಳುವುದೆಂದು ಮೊದಲೇ ಮಾತಾಗಿತ್ತು. ಬೆಳಿಗ್ಗೆ ಯಾರೂ ಬರಲಿಲ್ಲ. ಯಾಣದ ದಿಕ್ಕಿಗೆ ಮೋಡ ಕಪ್ಪಾಗಿ ಕೂತಿತ್ತು. ಬಲಿತ ನೀರುಳ್ಳಿಗೆ ಮಳೆ ನೀರು ಕುತ್ತಿಗೆಯಲ್ಲಿ ಇಳಿಯಿತೋ, ಎಲೆ ಕೊಳೆಯುತ್ತದೆ. ಎಲೆ ಹೋದರೆ ಹೆಣೆಯಲು ಬರುವುದಿಲ್ಲ, ಗೊಂಚಲು ಇಲ್ಲ. ಬಿಡಿ ನೀರುಳ್ಳಿಗೆ ಅರ್ಧ ಬೆಲೆಯೂ ಇಲ್ಲ. ಹೇಮಾಳ ಕಾಲೇಜು, ತಿಮ್ಮಿಯ ಔಷಧಿ ಎಲ್ಲ ಆ ಗೊಂಚಲಿನ ಮೇಲೆಯೇ ಇತ್ತು. ಮನೆಯವರಷ್ಟೇ ಕಿತ್ತರೆ ಮೂರು ನಾಲ್ಕು ದಿನ ಬೇಕು. ಶುಕ್ರ ಕೂಲಿಯವರಿಗೆ ಫೋನು ಮಾಡುತ್ತ ಗದ್ದೆಯ ಅಂಚಿನಲ್ಲಿ ತಿರುಗಿದ. ಅರ್ಧ ಜನ ರಸ್ತೆ ಕೆಲಸಕ್ಕೆ, ಅರ್ಧ ಜನ ಓಂ ಬೀಚಿನ ಹೋಟೆಲುಗಳಿಗೆ. ಯಾರೂ ಸಿಗಲಿಲ್ಲ.

"ಕಾಲೇಜಿಗೆ ಕಳಿಸಿದ್ದು ಮನೆ ಮನೆ ಒಡೀಲಿಕ್ಕಾ?" ಎಂದು ಮಗಳ ಮೇಲೆ ಹಾರಿದ. ಅವಳು ಚೀಲ ಹೆಗಲಿಗೆ ಹಾಕಿ ಬಸ್ಸಿಗೆ ಹೋದಳು.

ನಾನು ಹಮ್ಮನ ಮನೆಗೆ ನಡೆದೆ. ಹಮ್ಮ ಅಂಗಳದಲ್ಲಿ ಬಾಳೆಪಟ್ಟೆಯ ನಾರು ಸೀಳುತ್ತಿದ್ದ. ಕುಡಿಯಲು ನೀರು, ಬೆಲ್ಲ ಕೊಟ್ಟ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು.

"ಹುಡುಗಿ ತಿಳೀದೆ ಮಾಡ್ತು ಹಮ್ಮ."

"ತಿಳೀದೆ ಎಂತಕ್ಕೆ ಅತ್ತೆ, ಓದಿದ ಹುಡುಗಿ. ಬಂಗಾರಿ ನಿಮ್ಮ ತಿಮ್ಮಿಯ ಸಸಿಗೆ ನೀರು ಹಾಕಿದ್ದಕ್ಕೆ ಇಷ್ಟು ರೂಪಾಯಿ ಅಂತ ಬರೆದು ತೋರ್ಸ್ತು. ಲೆಕ್ಕ ಸರಿಯೇ ಇತ್ತು. ಆತು. ನಿಮ್ಮ ಕೈಗೆ ದುಡ್ಡು ಬಂದಾಗ ಕೊಡಿ."

"ನಾಳೆ ಮಳೆ ಬಂದ್ರೆ?"

"ನಮ್ಮದೂ ಗದ್ದೆಯಲ್ಲೇ ಅದೆ ಅತ್ತೆ." ನಾರು ಸೀಳುವುದು ನಿಲ್ಲಿಸಲಿಲ್ಲ.

ನೀರಿನ ಚೆಂಬು ಕೆಳಗಿಟ್ಟೆ. ಎದ್ದು ಬಂದೆ. ಅವನ ಅಂಗಳದಿಂದ ನಮ್ಮ ಮನೆಗೆ ನಾಲ್ಕು ಹೆಜ್ಜೆ, ಅವತ್ತು ಅದೂ ಮುಗಿಯಲಿಲ್ಲ.

ಶುಕ್ರನೂ ನಾನೂ ಕಿತ್ತಷ್ಟು ಕಿತ್ತೆವು. ಸಂಜೆ ಹೇಮಾ ಬಂದು ಚೀಲ ಇಟ್ಟು ನನ್ನ ಪಕ್ಕ ಕೂತಳು. ತೆಗೆದು ತೋರಿಸಿದ ಲೆಕ್ಕದ ಹಾಳೆಯಲ್ಲಿ ಕೂಲಿಯ ಸಾಲಿಗೆ ಮೇಡಂ ಎಳೆದ ಕೆಂಪು ಗೆರೆ ಬಿದ್ದಿತ್ತು.

"ದುಡ್ಡಲ್ಲಿ ಕೊಡೂದಿಲ್ಲದ ಕೆಲಸ ಲೆಕ್ಕಕ್ಕೆ ಸೇರೂದಿಲ್ಲವಂತೆ. ಖರ್ಚಿನ ಕಡೆಯಿಂದಲೂ ತೆಗಿ, ಬಾಕಿಯ ಕಡೆಯಿಂದಲೂ ತೆಗಿ, ಎರಡು ಬದಿ ಸರಿಯಾಗ್ತದೆ ಅಂದ್ರು."

"ಸರಿಯಾಯ್ತಾ?"

"ಆತು. ಲಾಭ ದೊಡ್ಡದಾಯ್ತು. ಅದು ನಮ್ಮದಲ್ಲವಲ್ಲ ಮೇಡಂ ಅಂದೆ. ಹೌದು, ಆದ್ರೂ ಹಾಂಗೇ ಕಾಣೂದು ಅಂದ್ರು. ಆಮೇಲೆ ಮೇಜಿನ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಕೂತ್ರು, ಪಾಪ. ಬಸ್ಸಲ್ಲಿ ನಿಂತೇ ಬಂದಿದ್ರಂತೆ."

ಮರುದಿನ ಬೆಳಕು ಹರಿಯುವಾಗ ಹೇಮಾ ಕಾಲೇಜಿನ ಬಟ್ಟೆ ಹಾಕಲಿಲ್ಲ. ತಾಯಿಯ ಹಳೆ ಸೀರೆ ಸುತ್ತಿ, ಬಂಗಾರಿ ಹಿಂದೆ ತಂದಿಟ್ಟ ಬುಟ್ಟಿ ಎತ್ತಿಕೊಂಡಳು.

"ಎಲ್ಲಿಗೆ?" ಅಂದ ಶುಕ್ರ.

"ಹಮ್ಮ ಮಾವನ ಗದ್ದೆಗೆ."

"ನಿನಗೆ ತಲೆ ಸರಿ ಅದೆಯ? ನಮ್ಮದು ಅಲ್ಲೇ ಬಿದ್ದದೆ!"

"ನಮ್ಮದು ಅವರು ಬಂದ ಮೇಲೆ."

ಶುಕ್ರ ನನ್ನ ಮುಖ ನೋಡಿದ. ನಾನು ಇನ್ನೊಂದು ಬುಟ್ಟಿ ತೆಗೆದುಕೊಂಡು ಅವಳ ಹಿಂದೆ ಹೊರಟೆ. ನನಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ಹುಡುಗಿಯನ್ನು ಒಬ್ಬಳೇ ಕಳಿಸಲು ಮನಸ್ಸಾಗಲಿಲ್ಲ, ಅಷ್ಟೇ.

ಹಮ್ಮ, ಬಂಗಾರಿ ಆಗಲೇ ಗದ್ದೆಗಿಳಿದಿದ್ದರು. ನಾವು ಕರೆಯದೆ ಹೋದವರು, ಆಚೆ ಅಂಚಿನಿಂದ ಶುರು ಮಾಡಿದೆವು. ಎರಡು ಮಡಿ ಮುಗಿಯಿತು. ಬಿಸಿಲು ಇಲ್ಲದ ಸೆಕೆ. ಕಡೆಗೆ ಬಂಗಾರಿ ಸೊಂಟ ನೆಟ್ಟಗೆ ಮಾಡಿ ಕೇಳಿದಳು.

"ಸಾಲ ತೀರ್ಸ್ಲಿಕ್ಕೆ ಬಂದಿಯೇನೆ?"

"ಇಲ್ಲ ಅತ್ತೆ. ತೀರ್ಸ್ಲಿಕ್ಕಲ್ಲ. ನಾಳೆ ನೀವಿಬ್ರೂ ನಮ್ಮ ಗದ್ದೆಗೆ ಬರ್ಬೇಕು, ಅದಕ್ಕೆ ಬಂದದ್ದು."

"ಬರ್ಬೇಕು ಅಂತ ಹುಕುಮ?"

"ಹೌದು."

ಬಂಗಾರಿ ಗಂಡನ ಕಡೆ ತಿರುಗಿ, "ಕೇಳಿದ್ರಾ? ಹುಕುಂ ಮಾಡುವ ಸಾಲಗಾರ್ತಿಯನ್ನ ನಾನು ಇವತ್ತೇ ಕಂಡದ್ದು" ಅಂದಳು. ಹಮ್ಮ ತಲೆ ಎತ್ತಲಿಲ್ಲ. ಬೆನ್ನು ಅಲುಗಿದ್ದು ಕಂಡಿತು, ನಕ್ಕನೋ ಕೆಮ್ಮಿದನೋ.

ಮಧ್ಯಾಹ್ನ ಬಂಗಾರಿ ನಮಗೂ ಗಂಜಿ, ಒಣಮೀನಿನ ಚಟ್ನಿ ಬಡಿಸಿದಳು. ತಾನೂ ಊಟಕ್ಕೆ ಕೂತು ಮತ್ತೆ ಕೆಣಕಿದಳು.

"ಗಂಜಿಯದ್ದು ಎಷ್ಟು ಬರೀತಿ?"

"ಉಪ್ಪು ಕಡಿಮೆ, ಅದಕ್ಕೆ ಕಳೀತೇನೆ."

ಆಗ ಹಮ್ಮ ಬಾಯಿ ಬಿಟ್ಟ. "ಆ ಕಾಗದ ಎಂತ ಆತು?"

"ಮೇಡಂ ಗೆರೆ ಎಳೆದ್ರು ಮಾವ. ನೀವು ಮಾಡಿದ್ದು ಬರೀಬಾರದಂತೆ."

"ಹಾಂಗಾರೆ ನಿಮ್ಮ ಮೇಡಂಗೆ ತಿಳೀತದೆ."

"ಸಹಿ ತಗೊಂಡು ಬಾ ಅಂದದ್ದೂ ಅವರೇ."

ಹಮ್ಮ ಗಂಜಿಯ ಕೊನೆಯ ಗುಟುಕು ಕುಡಿದ. "ಪಾಠ ಹೇಳೂದೂ ಕಷ್ಟವೇ ಬಿಡು" ಅಂದು ಬಟ್ಟಲು ತೊಳೆಯಲು ಎದ್ದ. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಅವರ ನೀರುಳ್ಳಿ ಮುಗಿಸಿ ಅಟ್ಟಕ್ಕೆ ಸೇರಿಸುವಾಗ ದಪ್ಪ ಹನಿ ಶುರುವಾಯಿತು. ನಾವು ಮನೆಗೆ ಓಡುವಷ್ಟರಲ್ಲಿ ಜೋರಾಯಿತು. ಶುಕ್ರ ಕಿತ್ತದ್ದನ್ನು ಟಾರ್ಪಾಲಿನಲ್ಲಿ ಮುಚ್ಚಿದ್ದ. ಉಳಿದದ್ದು ನೆಲದಲ್ಲೇ ನೆನೆಯಿತು. ಅವನು ಅವತ್ತು ಊಟ ಮಾಡಲಿಲ್ಲ.

ಬೆಳಿಗ್ಗೆ ಮಳೆ ನಿಂತಿತ್ತು. ಗದ್ದೆಗೆ ಹೋದರೆ ಹಮ್ಮ ಮೊಣಕಾಲವರೆಗೆ ಕೆಸರಾಗಿ ಆಗಲೇ ಒಂದು ಮಡಿ ಕಿತ್ತಿದ್ದ. ಬಂಗಾರಿ ಎಲೆ ಗಟ್ಟಿ ಇದ್ದವನ್ನು ಒಂದು ಕಡೆ, ಕೊಳೆತವನ್ನು ಇನ್ನೊಂದು ಕಡೆ ಹಾಕುತ್ತಿದ್ದಳು. ಎರಡನೆಯ ರಾಶಿಯೇ ದೊಡ್ಡದಿತ್ತು. ಈ ವರ್ಷ ಚಪ್ಪರದ ಬಿದಿರು ಅರ್ಧ ಖಾಲಿಯೇ. ತಿಮ್ಮಿಯ ಔಷಧಿಗೆ ಸಾಕಾಗುತ್ತದೆ, ಹೇಮಾಳ ಮುಂದಿನ ಫೀಸು ಯಾರನ್ನಾದರೂ ಕೇಳಬೇಕು.

"ಎಂತ ನೋಡ್ತಾ ನಿಂತ್ರಿ ಅತ್ತೆ?" ಅಂದ ಹಮ್ಮ. "ಆ ಕಡೆಯಿಂದ ಬನ್ನಿ. ಶುಕ್ರ ಎಲ್ಲಿ, ಇನ್ನೂ ಮಲಗಿದ್ದಾನಾ? ಮಳೆ ಮತ್ತೆ ಬರೂ ಹಾಂಗದೆ."

ಹೇಮಾ ಆಗಲೇ ಮಡಿಗೆ ಇಳಿದಿದ್ದಳು. ನಾನು ಸೆರಗು ಸಿಕ್ಕಿಸಿ, ಸೊಂಟಕ್ಕೆ ಕೈ ಕೊಟ್ಟು, ನಿಧಾನ ಬಗ್ಗಿದೆ.