ಹಸಿರು ಹಾಳೆಯ ಸಹಿ

ಸಂಶೋಧನೆಯೊಂದಕ್ಕೆ ಊರೂರು ತಿರುಗಿ ಹೆಂಗಸರನ್ನು ಮಾತಾಡಿಸುವ ಸುಮಿತ್ರಾಳ ಪ್ಯಾಡಿನಲ್ಲಿ ಎರಡು ಹಾಳೆ. ಬಿಳಿಯದರಲ್ಲಿ ಗಂಡ ಕೊಡುವ ಏಟಿನ ಪ್ರಶ್ನೆಗಳು. ಅದರಲ್ಲಿ ಹೇಳಿದವರ ಹೆಸರು ಬರೆಯುವಂತಿಲ್ಲ, ಯಾರಿಗೂ ತೋರಿಸುವಂತಿಲ್ಲ. ಹಸಿರಿನದರಲ್ಲಿ ಮನೆಮದ್ದಿನ ಸೊಪ್ಪುಸದೆ. ಹೇಳಿದವರ ಹೆಸರು, ಸಹಿ ಬೇಕು, ಯಾರಿಗೆ ಬೇಕಾದರೂ ತೋರಿಸಬಹುದು. ಮಾತಿನ ಮಧ್ಯೆ ಗಂಡಸು ಬಂದರೆ ಹಸಿರನ್ನು ಮೇಲಿಡು ಎಂದು ಸಂಶೋಧನೆಯವರು ಹೇಳಿಕೊಟ್ಟಿದ್ದರು. ಸುಮಿತ್ರಾ ಕೋಟೆ ಕಡೆಯ ಕಾಡಿನ ಹಾಡಿಯಲ್ಲಿ ನಾಟಿಮದ್ದು ಕೊಡುವ ಕುಳ್ಳಿ ಎಂಬುವಳ ಮಗಳು, ಅವಳಿಗೆ ಸೊಪ್ಪಿನ ಮಾತು ಹೊಸದೇನಲ್ಲ.

ರಾವಂದೂರಿನ ಹೊಲದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕ ಕೂತು ಶಾಂಭವಿ ಸೆರಗು ಸರಿಸಿದಳು. ಕತ್ತಿನಲ್ಲಿ ಐದು ಬೆರಳೂ ಮೂಡಿದ್ದವು. ಸುಮಿತ್ರಾ ಬಿಳಿ ಹಾಳೆಯಲ್ಲಿ ಅದನ್ನು ಗುರುತು ಹಾಕಿಕೊಂಡಳು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದಳು. ಹೊಡೆಯುವವನೂ ಗಂಡನೇ, ಮದ್ದು ಹಾಕುವವನೂ ಅವನೇ, ಮೂಳೆ ಮುರಿದಾಗಲೂ ಮನೆಯಲ್ಲೇ ಕಟ್ಟಿದ, ನಾಳೆ ನಾನು ಸತ್ತರೆ ಬಿದ್ದು ಸತ್ತಳು ಅಂತಾರೆ ಎಂದಳು ಶಾಂಭವಿ.

"ಇದು ಗಂಡ ಹೊಡ್ದಿದ್ದು ಅಂತ ಡಾಕ್ಟ್ರು ಒಂದೇ ಒಂದ್ಸಲ ಬರ್ದ್ರೆ ಸಾಕು ಕಣವ್ವ, ನಾನು ಬದುಕ್ಕೋತೀನಿ."

ಅಷ್ಟರಲ್ಲಿ ಗಂಡ ಮಹದೇವಪ್ರಸಾದ್ ಬ್ಯಾರನ್ನಿನ ಒಲೆಗೆ ಸೌದೆ ಹೊತ್ತು ಬಂದ. ಸುಮಿತ್ರಾ ಹಸಿರು ಹಾಳೆ ಮೇಲಿಟ್ಟು, ಊತಕ್ಕೆ ಏನು ಹಾಕುತ್ತೀರಿ ಎಂದಳು. ಕೇಳಿದ್ದು ಹೆಂಡತಿಯನ್ನು, ಉತ್ತರ ಕೊಟ್ಟವನು ಅವನು. ಅಬ್ಬಾ, ಅವನ ಗತ್ತೇ ಗತ್ತು! ಊತಕ್ಕೆ ಲಕ್ಕಿಸೊಪ್ಪು ಬಿಸಿಮಾಡಿ ಕಟ್ಟುವುದು, ಮುರಿದ ಮೂಳೆಗೆ ಬೇಲಿಯ ಮಂಗರಬಳ್ಳಿ ಅರೆದು ಪಟ್ಟು ಹಾಕುವುದು, ಎಲ್ಲಾ ಅಜ್ಜನಿಂದ ಕಲಿತ ವಿದ್ಯೆಯಂತೆ. ಯಾರಿಗೆ, ಎಷ್ಟು ಸಲ ಎಂದು ಹಾಳೆ ಕೇಳುತ್ತಿತ್ತು.

"ಇವ್ಳಿಗೇ. ಲಕ್ಕಿ ವಾರಕ್ಕೊಂದ್ಸಲ, ಬಳ್ಳಿ ಇಲ್ಲೀಗಂಟ ಎರಡು ಸಲ. ಬರ್ಕೊ, ನನ್ನ ಕೈಗುಣ ಅಂಗೈತೆ." ಉದ್ದಕ್ಕೆ ಸಹಿಯನ್ನೂ ಎಳೆದ.

ಎಳೆದವನು ಸುಮ್ಮನಿರದೆ ಹಾಳೆ ಮಗುಚಿದ. ಬಿಳಿಯದರಲ್ಲಿ, ಕತ್ತು ಹಿಸುಕಿದ್ದಾರೆಯೇ ಎಂಬ ಸಾಲಿನ ಮುಂದೆ ಹೌದು ಎಂದಿತ್ತು.

ಅವನು ಸೌದೆಯಿಂದ ಕೊರಡೊಂದನ್ನು ಎಳೆದು ಶಾಂಭವಿಯ ಬೆನ್ನಿಗೆ ಬೀಸಿದ. ಬಿದ್ದವಳ ಹೊಟ್ಟೆಗೆ ಒದ್ದ. ಅಡ್ಡ ಹೋದ ಸುಮಿತ್ರಾಳ ಜಡೆ ಹಿಡಿದು ಮುಖವನ್ನು ಗೋಡೆಗೆ ಕುಟ್ಟಿದ. ಹಲ್ಲೊಂದು ಅಲ್ಲಾಡಿ ಬಾಯಿ ತುಂಬ ರಕ್ತ ಬಂತು. ಮತ್ತೆ ಹೆಂಡತಿಯ ತಲೆಗೆಂದು ಎತ್ತಿದ ಕೊರಡು ಅವಳು ಅಡ್ಡ ಹಿಡಿದ ಮುಂಗೈಗೆ ಬಿತ್ತು. ಕಟಕ್ಕೆಂದಿತು. ಬಿಳಿ ಹಾಳೆಯನ್ನು ಮುದ್ದೆ ಮಾಡಿ ಉರಿಯುವ ಒಲೆಗೆ ತುರುಕಿದ. ಹಸಿರಿನದು ಅವನ ಕಾಲಡಿಯಲ್ಲೇ ಬಿದ್ದಿತ್ತು, ಅದರ ಕಡೆ ಅವನು ನೋಡಲೂ ಇಲ್ಲ.

ಆಮೇಲೆ ಮಾಡಿದ್ದು ಅಭ್ಯಾಸಬಲ. ಕೊರಡು ಬಿಸಾಕಿ, ಕೈ ಒರೆಸಿಕೊಂಡು, "ಅಳಬ್ಯಾಡ, ಬಳ್ಳಿ ತತ್ತೀನಿ" ಎಂದು ಬೇಲಿಯ ಕಡೆ ನಡೆದ. ಥೂ, ಅವನ ಕೈಗುಣಕ್ಕಿಷ್ಟು ಬೆಂಕಿ ಹಾಕ! ಸುಮಿತ್ರಾ ಹಸಿರು ಹಾಳೆಯನ್ನು ರವಿಕೆಯೊಳಗೆ ತುರುಕಿಕೊಂಡು, ಶಾಂಭವಿಯನ್ನು ಎಬ್ಬಿಸಿ ತನ್ನ ಸ್ಕೂಟರಿಗೆ ಕೂರಿಸಿದಳು. ಅವನು ಬಳ್ಳಿ ಹಿಡಿದುಕೊಂಡೇ ಬೈಯುತ್ತಾ ಹಿಂದೆ ಓಡಿಬಂದ. ಸುಮಿತ್ರಾ ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೈ ಮುಟ್ಟಿ ನೋಡಿ, ಇದು ಹೇಗಾಯಿತು ಎಂದು ಪೆನ್ನು ತೆಗೆದರು. ಸುಮಿತ್ರಾ ಬೆವರಿಗೆ ಒದ್ದೆಯಾದ ಹಸಿರು ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಶಾಂಭವಿ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯ ಬೆರಳನ್ನು ಗಂಡನ ಸಹಿಯ ಮೇಲಿಟ್ಟಳು.

"ಹೊಡ್ದವ್ನು ನನ್ನ ಗಂಡ. ಮೂಳೆ ಎರಡು ಸಲ ಕಟ್ಟಿದ್ದೀನಿ ಅಂತ ಅವ್ನೇ ಸಹಿ ಹಾಕವ್ನೆ. ಇದು ಮೂರ್ನೇದು ಅಂತ ನೀವು ಬರ್ಕಳಿ."