ಹನ್ನೆರಡು ತಿಂಗಳ ಹೂಪಾತಿ

ನಮ್ಮ ಸೊಸೈಟಿಯ ಸೆಕ್ರೆಟರಿಗೆ ಮಣ್ಣು ಕಂಡರೆ ಆಗುವುದಿಲ್ಲ. ಖಾರಘರದಲ್ಲಿ ನಮ್ಮ ಕಟ್ಟಡ ಎದ್ದು ಆರು ವರ್ಷವಾಗಿತ್ತು. ಅಷ್ಟರಲ್ಲಿ ಆತ ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಸಿ ಮುಗಿಸಿದ್ದ. ಉಳಿದದ್ದು ನಮ್ಮ ಕಿಟಕಿಯ ಕೆಳಗೆ, ಕಾಂಪೌಂಡ್ ಗೋಡೆಯ ಬುಡದಲ್ಲಿ, ನಲವತ್ತು ಅಡಿ ಉದ್ದದ ಒಂದು ಪಾತಿ. 2011ರ ಆಗಸ್ಟ್ ತಿಂಗಳ ವಾರ್ಷಿಕ ಮೀಟಿಂಗಿನಲ್ಲಿ ಅದನ್ನೂ ಮುಚ್ಚಿ ಮೂರು ಕಾರು ನಿಲ್ಲಿಸುವ ಮಾತು ಬಂತು.

ನಾನು ಎದ್ದು ನಿಂತೆ. ವಾಶಿಯ ಹೋಟೆಲೊಂದರ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಆಗಷ್ಟೇ ನಿವೃತ್ತನಾಗಿದ್ದೆ. ಬೆಳಿಗ್ಗೆ ಎದ್ದರೆ ನನಗಿದ್ದ ಕೆಲಸ ಆ ಪಾತಿಯೊಂದೇ. ಅದೂ ಹೋದರೆ ಟಿವಿಯ ಮುಂದೆ ಕೂತು ಕೂತೇ ಮುದುಕನಾಗುತ್ತೇನೆಂದು ನಿಜಕ್ಕೂ ಹೆದರಿಕೆಯಾಯಿತು. ಒಂದು ವರ್ಷ ಕೊಡಿ, ಹನ್ನೆರಡು ತಿಂಗಳೂ ಬಣ್ಣ ತೋರಿಸುತ್ತೇನೆ ಎಂದೆ. ಸೆಕ್ರೆಟರಿ ನಕ್ಕು ಷರತ್ತು ಹಾಕಿದ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆತ ಬಂದು ನೋಡುವುದು. ಮೂರು ಸಲ ಹೂವಿಲ್ಲದಿದ್ದರೆ ಪಾತಿ ಪಾರ್ಕಿಂಗಿಗೆ.

ಹೋಟೆಲಿನಲ್ಲಿ ಯಾವ ವಾರಕ್ಕೆ ಯಾವ ಸ್ಪೆಷಲ್ ಎಂದು ಬರೆದಿಟ್ಟು ಅಭ್ಯಾಸವಿದ್ದವನು ನಾನು. ಹಳೇ ಕ್ಯಾಲೆಂಡರಿನ ಬೆನ್ನಿಗೆ ಹನ್ನೆರಡು ಮನೆ ಗೀಚಿದೆ. ದಸರೆಗೆ ಗೊಂಡೆ, ಚಳಿಗೆ ಸೇವಂತಿಗೆ ಮತ್ತು ಗೋರಟೆ, ಬೇಸಿಗೆಗೆ ಕೇಪುಳ, ಮಳೆಗೆ ರತ್ನಗಂಧಿ. ನಡುನಡುವೆ ಬೇಜಾರಿಲ್ಲದೆ ಅರಳುವ ದಾಸವಾಳ. ಎತ್ತರದ್ದು ಗೋಡೆಗೆ, ಗಿಡ್ಡದ್ದು ಮುಂದೆ. ನೋಡಿ ನನಗೇ ಹೆಮ್ಮೆಯಾಯಿತು.

ಪಾತಿಯಲ್ಲಿ ಮಣ್ಣು ಅಗೆಯಲು ಬರುತ್ತಿದ್ದವಳು ಮರಗಮ್ಮ, ಕಲಬುರಗಿ ಕಡೆಯವಳು. ಪಕ್ಕದ ಪ್ಲಾಟಿನಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಸಂಜೆ ನಮ್ಮಲ್ಲಿ ಎರಡು ತಾಸು. ಅವಳಿಗೆ ನನ್ನ ಪಟ್ಟಿಯನ್ನು ಓದಿ ಹೇಳಿದೆ.

"ಎಲ್ಲಾ ದೇವರ ಹೂವಾ ಅದಾವಲ್ರೀ, ಸಾಹೇಬ್ರ" ಎಂದಳು.

ಹೊಗಳಿದಳು ಅಂದುಕೊಂಡೆ. ದಡ್ಡ ನಾನು. ಉಡುಪಿ ಕಡೆಯವನಿಗೆ ಹೂವೆಂದರೆ ದೇವರ ಹೂವೇ; ಬೇರೆ ಹೂವು ಇರುತ್ತದೆಂಬುದು ತಲೆಗೇ ಬಂದಿರಲಿಲ್ಲ.

ಗಿಡಗಳು ಚೆನ್ನಾಗಿಯೇ ಎದ್ದವು, ದಸರೆ ದೀಪಾವಳಿಯ ಪರೀಕ್ಷೆಗಳೂ ದಾಟಿದವು. ಡಿಸೆಂಬರಿನ ಮೊದಲ ಶನಿವಾರ ಸಂಜೆ ಎಣಿಸಲಾರದಷ್ಟು ಮೊಗ್ಗಿದ್ದವು. ಭಾನುವಾರ ಹತ್ತು ಗಂಟೆಗೆ ನೋಡಿದರೆ ಎಲೆ, ತೊಟ್ಟು, ಮತ್ತೆ ಎಲೆ. "ಕಾಕಾ, ಫೂಲ್ ಕಿಧರ್ ಹೈ?" ಎಂದು ಸೆಕ್ರೆಟರಿ ಕೇಳಿ, ಡೈರಿಯಲ್ಲಿ ಗುರುತು ಹಾಕಿಕೊಂಡ. ಜನವರಿಯಲ್ಲೂ ಅದೇ ಕತೆ. ಎರಡು ಗುರುತಾದವು, ಇನ್ನೊಂದಕ್ಕೆ ಪಾತಿ ಮುಗಿದಂತೆ.

ಮರುದಿನ ಬೆಳಿಗ್ಗೆ ಐದೂವರೆಗೆ ವಾಚ್‌ಮನ್ ಕೋಣೆಯ ಹಿಂದೆ ಮಫ್ಲರ್ ಸುತ್ತಿಕೊಂಡು ನಿಂತೆ. ಮೊದಲು ಬಂದವರು ಬಿ ವಿಂಗಿನ ದಮಯಂತಿ, ನಮ್ಮ ಕಾಪುವಿನವರೇ, ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು. ಆಮೇಲೆ ಪ್ಲಾಸ್ಟಿಕ್ ಚೀಲದ ಮೂರ್ನಾಲ್ಕು ಹೆಂಗಸರು, ವಾಕಿಂಗ್ ಬೂಟಿನ ಒಬ್ಬ ಗಂಡಸು. ಒಬ್ಬರೂ ಕದಿಯುವವರ ಹಾಗೆ ಕಾಣಲಿಲ್ಲ. ಬಾಯಲ್ಲಿ ಸ್ತೋತ್ರ, ಕೈಯಲ್ಲಿ ನನ್ನ ಸೇವಂತಿಗೆ. ಎಲ್ಲರನ್ನೂ ಒಟ್ಟಿಗೆ ಹಿಡಿಯೋಣವೆಂದು ಹಲ್ಲು ಕಚ್ಚಿ ಕಾದೆ. ಕೊನೆಗೆ ಎ ವಿಂಗಿನ ಲಿಫ್ಟಿನ ಬಾಗಿಲು ತೆರೆದು ಒಬ್ಬಳು ಬಂದಳು. ಕೈಯಲ್ಲಿದ್ದ ಹಿತ್ತಾಳೆ ಬುಟ್ಟಿ ನಮ್ಮ ಮನೆಯದು. ಬಂದವಳು ನನ್ನ ಹೆಂಡತಿ ಅಕ್ಕು.

ನನಗೆ ಸಿಟ್ಟು ಬಂತು, ನಾಚಿಕೆಯೂ ಬಂತು, ಯಾವುದು ಮೊದಲು ಎಂದು ಹೇಳಲಾರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತರೆ ತಟ್ಟೆಯಲ್ಲಿ ಹೂವು ಸಿದ್ಧವಿರುತ್ತಿತ್ತು. ಹೂವನ್ನು ಎಲೆಯಲ್ಲಿ ಪೊಟ್ಟಣ ಕಟ್ಟಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುವ ಹೂಪುಡಿಯವನು ಕೊಟ್ಟದ್ದೆಂದು ನಾನು ತಿಳಿದಿದ್ದೆ. ನನ್ನ ಪಾತಿಯನ್ನು ನಾನೇ ತಿಂಗಳುಗಟ್ಟಲೆ ಕೃಷ್ಣನ ತಲೆಗೆ ಏರಿಸಿದ್ದೆ.

"ಹೂಪುಡಿಯವನು ದೀಪಾವಳಿ ಆದ ಮೇಲೆ ಬರ್ತಾನೇ ಇಲ್ಲ" ಎಂದಳು ಅಕ್ಕು. "ಎಲ್ರಿಗೂ ಕೆಳಗೆ ಸಿಗ್ತದಲ್ಲ, ಅವನ ಹೂವು ಯಾರು ತಗೊಳ್ತಾರೆ? ನೀವು ಬೆಳೆಸಿದ್ದು ದೇವರಿಗೆ ಹೋಗ್ತದೆ ಅಂತ ನಂಗೆ ಖುಷಿ ಇತ್ತು ಮಾರಾಯ್ರೆ. ಕೀಳಬಾರದು ಅಂತ ನೀವು ಮನೆಯಲ್ಲಿ ಹೇಳಿದ್ದುಂಟಾ?"

ಹೇಳಿರಲಿಲ್ಲ. ಸೋತರೆ ಮನೆಯಲ್ಲಿ ತಮಾಷೆ ಮಾಡುತ್ತಾರೆಂದು ಸೆಕ್ರೆಟರಿಯ ಷರತ್ತಿನ ಸುದ್ದಿಯನ್ನೇ ಎತ್ತದೆ ಬಾಯಿ ಮುಚ್ಚಿಕೊಂಡಿದ್ದೆ. ಅವತ್ತೂ ಬಿಗುಮಾನ ಬಿಡದೆ, ಏನೋ ನೋಡೋಣ ಎಂದಷ್ಟೇ ಗೊಣಗಿದೆ. ಹೂವು ಕೀಳಬಾರದು ಎಂದು ಬೋರ್ಡು ಬರೆಯಲು ಕೂತು, ದೇವರಿಗೆ ಬೇಡವೆನ್ನಲು ಕೈ ಬರದೆ ಬಿಟ್ಟೆ.

ಸಂಜೆ ಮರಗಮ್ಮನಿಗೆ ಎಲ್ಲ ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದು ಬಹಳ ಹೊತ್ತು ನಕ್ಕಳು.

"ತಿಂಗಳಾ ನೋಡೀರಿ, ತಾಸು ನೋಡಿಲ್ಲ ನೀವು" ಎಂದಳು. "ಪೂಜಿ ಮುಗಿದ ಮ್ಯಾಗ ಅರಳೂವಂಥಾದ್ದು ಹಚ್ರಿ. ಮೊಗ್ಗಿ ಯಾರ ಕೀಳತಾರ?"

ಮರುದಿನ ತನ್ನ ಶೆಡ್ಡಿನ ಮುಂದಿನ ಒಡಕು ಪೇಂಟ್ ಡಬ್ಬಿಯಿಂದ ಟೇಬಲ್ ರೋಸಿನ ಕಡ್ಡಿಗಳನ್ನು ಮುರಿದು ತಂದಳು. ಬಿಸಿಲೇರಿದ ಮೇಲೆ ಕಣ್ಣು ಬಿಡುವ ಹೂವು. ಪಾತಿಯ ಮುಂದಿನ ಸಾಲಿನಲ್ಲಿ ಉದ್ದಕ್ಕೂ ಊರಿದೆವು. ಫೆಬ್ರವರಿಯಿಂದ ಬೆಳಿಗ್ಗೆ ಆರಕ್ಕೆ ಹಸಿರಾಗಿದ್ದ ಪಾತಿ ಹತ್ತಕ್ಕೆ ಗುಲಾಬಿ, ಹಳದಿ, ಕೇಸರಿಯಾಗತೊಡಗಿತು. ಸೆಕ್ರೆಟರಿಯ ಪೆನ್ನಿಗೆ ಕೆಲಸವಿಲ್ಲದಾಯಿತು. ಮಳೆಗಾಲ ಬಂದರೂ ಜೂನ್, ಜುಲೈಗಳ ಆ ಭಾನುವಾರ ಹೇಗೋ ಗಂಟೆ ಹೊತ್ತು ಬಿಸಿಲು ಬಿದ್ದು ನನ್ನ ಮಾನ ಉಳಿಯಿತು.

ಉಳಿದದ್ದು ಆಗಸ್ಟಿನ ಭಾನುವಾರ, ಕೊನೆಯದು. ಶನಿವಾರ ಖಾರಘರದ ಗುಡ್ಡ ಮೋಡದಲ್ಲಿ ಕಾಣದೇ ಹೋಯಿತು. ಬಿಸಿಲಿಲ್ಲದಿದ್ದರೆ ಟೇಬಲ್ ರೋಸ್ ಬಾಯಿ ಬಿಡುವುದಿಲ್ಲ. ಗೋಡೆಯ ಬದಿಗೆ ದಾಸವಾಳ, ರತ್ನಗಂಧಿ ಗಿಡಗಳ ತುಂಬ ಮೊಗ್ಗಿತ್ತು. ಆದರೆ ಶ್ರಾವಣ ಮಾಸ. ಶ್ರಾವಣದಲ್ಲಿ ಒಂದು ಹೂವನ್ನಾದರೂ ಯಾರು ಗಿಡದಲ್ಲಿ ಬಿಡುತ್ತಾರೆ? ನನಗೆ ಊಟ ಸೇರಲಿಲ್ಲ. ಅಕ್ಕು ಎರಡು ಸಲ ಕೇಳಿದ ಮೇಲೆ ಸೆಕ್ರೆಟರಿ, ಷರತ್ತು, ಡೈರಿ ಎಲ್ಲವನ್ನೂ ಹೇಳಿಬಿಟ್ಟೆ. ಪಾತಿ ಹೋದರೆ ನನಗೆ ಬೆಳಗಾಗುವುದೇ ಬೇಡವೆನಿಸುತ್ತದೆ ಎಂದೂ ಹೇಳಿದೆ. ಅವಳು ತಮಾಷೆ ಮಾಡಲಿಲ್ಲ. ಕೊಡೆ ತೆಗೆದುಕೊಂಡು ಬಿ ವಿಂಗಿನ ಕಡೆಗೆ ಹೋದಳು.

ಭಾನುವಾರ ಸ್ನಾನ ಮುಗಿಸಿ ಪೂಜೆಗೆ ಕೂತೆ. ತಟ್ಟೆಯಲ್ಲಿ ಅಕ್ಷತೆ ಇತ್ತು, ನಮ್ಮ ಬಾಲ್ಕನಿಯ ಕುಂಡದ ಎರಡು ಕುಡಿ ತುಳಸಿ ಇತ್ತು. ಬೇರೇನೂ ಇರಲಿಲ್ಲ.

"ಹೂವೆಲ್ಲಿ?" ಎಂದೆ.

"ಗಿಡದಲ್ಲುಂಟು. ಇವತ್ತು ಈ ಬಿಲ್ಡಿಂಗಿನಲ್ಲಿ ಯಾವ ಮನೆಯ ದೇವರಿಗೂ ಹೂವಿಲ್ಲ."

ಶ್ರಾವಣದಲ್ಲಿ ಅವಳು ಇದನ್ನು ಮನೆಮನೆಗೆ ಹೋಗಿ ಹೇಗೆ ಕೇಳಿದಳೋ ನಾನು ವಿಚಾರಿಸಲಿಲ್ಲ. ಕಿಟಕಿಯಿಂದ ನೋಡಿದೆ. ಮಳೆ ಸುರಿಯುತ್ತಿತ್ತು. ಗೋಡೆಯುದ್ದಕ್ಕೂ ದಾಸವಾಳ, ರತ್ನಗಂಧಿ ಕೆಂಪಗೆ ನೆನೆಯುತ್ತಿದ್ದವು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅದೇ ಕೊಕ್ಕೆಯ ಕೋಲು ಹಿಡಿದು ದಮಯಂತಿ ಪಾತಿಯ ಮುಂದೆ ಕಾವಲಿಗೆ ನಿಂತಿದ್ದರು.

ಪೀಠದಿಂದ ಹಿತ್ತಾಳೆಯ ಕೃಷ್ಣನನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಹೊರಮುಖವಾಗಿ ಇಟ್ಟೆ. ಅಕ್ಕು ಬಂದು ಪಕ್ಕದಲ್ಲಿ ನಿಂತಳು. ಹತ್ತು ಗಂಟೆಗೆ ಸೆಕ್ರೆಟರಿ ಡೈರಿ ಹಿಡಿದು ಬರುವವರೆಗೆ ನಾವು ಮೂವರೂ ಕೆಳಗೆ ನೋಡುತ್ತಾ ಇದ್ದೆವು.